ಜ್ವರವಿಲ್ಲದ ಕಾಯಿಲೆಗೆ ರಜೆ

ರಜಾ ಅರ್ಜಿ ಬರೆಯುವುದನ್ನು ನಾವೆಲ್ಲ ಶಾಲೆಯಲ್ಲೇ ಕಲಿತವರು. ಮೇಲೆ 'ಇಂದ', ಅದರ ಕೆಳಗೆ 'ಇವರಿಗೆ', ಆಮೇಲೆ 'ಮಾನ್ಯರೇ', 'ವಿಷಯ: ಎರಡು ದಿನ ರಜೆ ಕೋರಿ'. ಕಾರಣ ಮಾತ್ರ ಎಲ್ಲರದ್ದೂ ಒಂದೇ, ಜ್ವರ. ಜ್ವರ ಅಲ್ಲದಿದ್ದರೆ ಹೊಟ್ಟೆನೋವು, ಅದೂ ಅಲ್ಲದಿದ್ದರೆ ಅಕ್ಕನ ಮದುವೆ. 2023ರ ಜುಲೈನಲ್ಲಿ, ನಲವತ್ತು ದಾಟಿದ ನಾನು ಒಂದು ರಜಾ ಅರ್ಜಿ ಬರೆಯಬೇಕಾಗಿ ಬಂತು. ಕಾರಣದ ಸಾಲಿಗೆ ಬಂದಾಗ ಪೆನ್ನು ನಿಂತುಬಿಟ್ಟಿತು. ಜ್ವರ ಇರಲಿಲ್ಲ, ಎಲ್ಲೂ ನೋವಿರಲಿಲ್ಲ. ಆದರೂ ಕೆಲಸಕ್ಕೆ ಹೋಗುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ನಮ್ಮ ಮನೆ ಭದ್ರಾವತಿಯ ಜನ್ನಾಪುರದಲ್ಲಿ. ಕೆಲಸ ಶಿವಮೊಗ್ಗದ ಒಂದು ಖಾಸಗಿ ಕಚೇರಿಯಲ್ಲಿ, ಲೆಕ್ಕಪತ್ರ ವಿಭಾಗ. ದಿನಾ ಬಸ್ಸಿನಲ್ಲಿ ಹೋಗಿಬರುವುದು. ಆ ವರ್ಷ ಯುಗಾದಿ ಆದಮೇಲೆ ಇಬ್ಬರು ಸಹೋದ್ಯೋಗಿಗಳು ಒಬ್ಬರ ಹಿಂದೊಬ್ಬರು ಕೆಲಸ ಬಿಟ್ಟರು. ಅವರ ಜಾಗಕ್ಕೆ ಯಾರೂ ಬರಲಿಲ್ಲ, ಅವರ ಫೈಲುಗಳು ಮಾತ್ರ ನನ್ನ ಮೇಜಿಗೆ ಬಂದವು. ಹಗಲು ಮುಗಿಯದ್ದು ರಾತ್ರಿ ಮೊಬೈಲಿಗೆ ಬರತೊಡಗಿತು. ಊಟಕ್ಕೆ ಕೂತಾಗ 'ಟಿಣ್' ಅಂದರೆ ತುತ್ತು ಕೈಯಲ್ಲೇ ಉಳಿಯುತ್ತಿತ್ತು. ನಸುಕಿನ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಬಸ್ಸು ಮಾಚೇನಹಳ್ಳಿ ದಾಟುತ್ತಿದ್ದಂತೆ ಎದೆ ಡವಡವ ಹೊಡೆದುಕೊಳ್ಳಲು ಶುರು. ಒಂದು ದಿನ ಮಗಳು ಏಳರ ಮಗ್ಗಿ ಕೇಳು ಅಂತ ಎದುರಿಗೆ ನಿಂತು ಒಪ್ಪಿಸಿದಳು. ಸರಿ ಹೇಳಿದಳೋ ತಪ್ಪು ಹೇಳಿದಳೋ ನನಗೆ ತಿಳಿಯಲಿಲ್ಲ. ಇಪ್ಪತ್ತು ವರ್ಷ ಅಂಕಿಗಳ ಜತೆ ಬಾಳಿದವಳು ನಾನು!

ಇದನ್ನು ಯಾರಿಗಾದರೂ ಹೇಳೋಣವೆಂದರೆ ನಮ್ಮೂರಲ್ಲಿ ಅದು ಸುಲಭವಲ್ಲ. ಭದ್ರಾವತಿ ಕೆಲಸದಿಂದಲೇ ಬೆಳೆದ ಊರು. ಬೆಂಕಿಪುರ ಅಂತ ಇದರ ಹಳೇ ಹೆಸರು. 1918ರಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟಲು ಶುರುಮಾಡಿದರು, 1923ರಲ್ಲಿ ಕಬ್ಬಿಣ ಹರಿಯಿತು. ಆಮೇಲೆ ಕಾಗದದ ಕಾರ್ಖಾನೆಯೂ ಬಂತು. ಎರಡರ ಸೈರನ್ ಕೇಳಿ ಒಲೆ ಹಚ್ಚಿದ ಮನೆಗಳು ಎಷ್ಟೋ. ಆದರೆ ಕಾಗದ ಕಾರ್ಖಾನೆ ಸುಮಾರು 2015ರಲ್ಲಿ ನಿಂತಿತು. ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಬಂದದ್ದು 2023ರ ಜನವರಿಯಲ್ಲಿ, ಸರಿಯಾಗಿ ಅದಕ್ಕೆ ನೂರು ತುಂಬುವ ಹೊತ್ತಿಗೆ. ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂತಿದ್ದರು. ಇಂಥ ಊರಲ್ಲಿ ನಿಂತು 'ನನಗೆ ಕೆಲಸ ಜಾಸ್ತಿಯಾಗಿದೆ' ಅನ್ನಲು ಬಾಯಿ ಬರುತ್ತದೆಯೇ? ಎದುರು ಮನೆಯವರ ಮಗ ಆ ಧರಣಿಯಲ್ಲಿದ್ದವನು. ಅವನೆದುರು ಹಾದುಹೋಗುವಾಗ ಟಿಫಿನ್ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳೋಣ ಅನ್ನಿಸುತ್ತಿತ್ತು.

ಕೊನೆಗೆ ನನ್ನನ್ನು ಹಿಡಿದು ನಿಲ್ಲಿಸಿದವರು ಅಪ್ಪ. ಮೂವತ್ತನಾಲ್ಕು ವರ್ಷ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಈಗ ನಮ್ಮ ಜತೆಗೇ ಇದ್ದಾರೆ.

"ಕಾರ್ಖಾನೇಲಿ ನಮಗೆ ಎಂಟು ಗಂಟೆ ಆದ್ಮೇಲೆ ಸೈರನ್ ಆಗ್ತಿತ್ತು ಕಣಮ್ಮ. ಮುಂದಿನ ಶಿಫ್ಟಿನವನು ಬಂದು ಹೆಗಲು ಮುಟ್ತಿದ್ದ. ನಿಂಗೆ ಸೈರನ್ ಎಲ್ಲಿದೆ?" ಅಂದರು. ಆಮೇಲೆ, "ನಿಂಗೆ ಇಎಸ್‌ಐ ಹಿಡೀತಾರಲ್ವಾ? ಆ ಕಾರ್ಡು ಎಲ್ಲಿ?" ಅಂತ ಕೇಳಿದರು. ಅವರಿಗಾದರೋ ಕಾರ್ಖಾನೆಯದೇ ಆಸ್ಪತ್ರೆ ಇತ್ತು. ಆದರೂ ಕಾರ್ಮಿಕರ ಕಾನೂನು ಅಂದರೆ ಅವರಿಗೆ ಬಾಯಿಪಾಠ.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು, ಮಕ್ಕಳೂ ಮಾಡಿನೋಡಬಹುದು. ಇಎಸ್‌ಐ ಎಂದರೆ ನೌಕರರ ರಾಜ್ಯ ವಿಮೆ. ಇದರ ಆಗಿನ ಕಾಯ್ದೆ 1948ರದ್ದು. ಯೋಜನೆ ಜಾರಿಗೆ ಬಂದದ್ದು 1952ರ ಫೆಬ್ರುವರಿ 24ರಂದು, ಕಾನ್ಪುರ ಮತ್ತು ದೆಹಲಿಯಲ್ಲಿ. ನನ್ನ ಸಂಬಳ ಆಗ 18,000 ರೂಪಾಯಿ. 21,000ದವರೆಗೆ ಸಂಬಳ ಇರುವವರು ಇದರಲ್ಲಿ ಸೇರುತ್ತಾರೆ. ನೂರಕ್ಕೆ ಮುಕ್ಕಾಲು ರೂಪಾಯಿಯಂತೆ ತಿಂಗಳಿಗೆ 135 ರೂಪಾಯಿ ನನ್ನಿಂದ ಹಿಡಿಯುತ್ತಿದ್ದರು. ಕಚೇರಿಯವರು ಮೂರೂಕಾಲು ರೂಪಾಯಿಯಂತೆ 585 ಸೇರಿಸಬೇಕು. ಆರು ತಿಂಗಳ ಅವಧಿಯಲ್ಲಿ ಕಡೇಪಕ್ಷ 78 ದಿನದ ವಂತಿಗೆ ಕಟ್ಟಿದ್ದರೆ, ಕಾಯಿಲೆ ಬಿದ್ದಾಗ ವರ್ಷಕ್ಕೆ 91 ದಿನದವರೆಗೆ ದಿನದ ಸಂಬಳದಲ್ಲಿ ನೂರಕ್ಕೆ 70ರಂತೆ ಹಣ ಸಿಗುತ್ತದೆ. ಮೊದಲ ಎರಡು ದಿನಕ್ಕೆ ಮಾತ್ರ ಇಲ್ಲ. ಆ ಹಣ ಪಡೆಯುತ್ತಿರುವ ದಿನಗಳಲ್ಲಿ ಕೆಲಸದಿಂದ ತೆಗೆಯುವಂತಿಲ್ಲ, ಶಿಕ್ಷೆ ಕೊಡುವಂತಿಲ್ಲ ಎಂದೂ ಆ ಕಾಯ್ದೆಯಲ್ಲಿತ್ತು. ಯಾರೋ ದಯೆತೋರಿ ಕೊಡುವುದಲ್ಲ ಇದು. ನಾನೇ ವರ್ಷಗಟ್ಟಲೆ ಕಟ್ಟಿದ್ದು. ಅದು ಜ್ವರಕ್ಕೆ, ಮುರಿದ ಕಾಲಿಗೆ ಮಾತ್ರ ಎಂದು ಎಲ್ಲೂ ಬರೆದಿಲ್ಲ. ಚಿಕಿತ್ಸೆ ಬೇಕು, ಕೆಲಸದಿಂದ ದೂರ ಇರಬೇಕು ಎಂದು ವೈದ್ಯರು ಹೇಳಿದರೆ ಅದು ಕಾಯಿಲೆ.

ಇಎಸ್‌ಐ ವೈದ್ಯೆ ನಾನು ಹೇಳಿದ್ದನ್ನೆಲ್ಲ ಕೇಳಿ ಮೊದಲು ರಕ್ತ ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಏರುಪೇರಾದರೂ ಎದೆ ಡವಗುಟ್ಟುತ್ತದೆ, ರಕ್ತ ಕಡಿಮೆಯಾದರೂ ಸುಸ್ತು ಬರುತ್ತದೆ, ಅದನ್ನು ನೋಡದೆ ಮನಸ್ಸಿನ ಮೇಲೆ ಹೊರೆ ಹಾಕಬಾರದು ಅಂದರು. ಆ ಮಾತು ನನಗೆ ಹಿಡಿಸಿತು. ಎಲ್ಲ ಸರಿಯಿದೆ ಅಂತ ಬಂದಮೇಲೆ ಮನೋವೈದ್ಯರ ಹತ್ತಿರ ಕಳಿಸಿದರು. ಅವರಿಂದ ನನಗೊಂದು ಹೊಸ ಪದ ತಿಳಿಯಿತು, ಬರ್ನ್‌ಔಟ್. ಉರಿದು ಬರಿದಾಗುವುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದಕ್ಕೆ ಮೂರು ಲಕ್ಷಣ ಹೇಳಿದೆಯಂತೆ: ಮೈಮನಸ್ಸಿನ ಕಸುವು ಬತ್ತುವುದು, ಕೆಲಸ ಅಂದರೆ ಬೇಸರ ಬಂದು ದೂರವಾಗುವುದು, ಮಾಡುವ ಕೆಲಸ ಮೊದಲಿನ ಹಾಗೆ ಕೈಹತ್ತದಿರುವುದು. ಇದನ್ನು ಕೆಲಸದ ಜಾಗದಲ್ಲಿ ಹುಟ್ಟುವ ಸ್ಥಿತಿ ಎನ್ನುತ್ತಾರೆಯೇ ಹೊರತು ರೋಗ ಎನ್ನುವುದಿಲ್ಲ. ಹಾಗಾಗಿ ನನ್ನ ಚೀಟಿಯಲ್ಲಿ ಆ ಪದ ಇರಲಿಲ್ಲ. 'ಆತಂಕ, ನಿದ್ರಾಹೀನತೆ' ಎಂದು ಬರೆದು, 14 ದಿನ ವಿಶ್ರಾಂತಿ ಎಂದಿತ್ತು. ಅರ್ಜಿಯ ಕಾರಣದ ಸಾಲಿಗೆ ನಾನು ಅದನ್ನೇ ಇಳಿಸಿದೆ.

ಮನೋವೈದ್ಯರ ಹತ್ತಿರ ಹೋದೆ ಎನ್ನಲು ನಮ್ಮ ಜಿಲ್ಲೆಯವರು ಅಷ್ಟೇನೂ ಹಿಂಜರಿಯಬೇಕಿಲ್ಲ. ಶಿವಮೊಗ್ಗದಲ್ಲಿ ಡಾ. ಅಶೋಕ ಪೈ ಇದ್ದರು. ಮನಸ್ಸಿಗೂ ಕಾಯಿಲೆ ಬರುತ್ತದೆ, ಅದಕ್ಕೂ ಮದ್ದಿದೆ ಎಂದು ಕನ್ನಡದಲ್ಲೇ ಹೇಳುತ್ತ ಬಂದವರು. ಸುರೇಶ್ ಹೆಬ್ಳೀಕರ್ ನಿರ್ದೇಶನದ 'ಕಾಡಿನ ಬೆಂಕಿ' ಸಿನಿಮಾ 1988ರಲ್ಲಿ ಬಂದದ್ದು ಅಜ್ಜ ಅಜ್ಜಿಯರಿಗೆ ನೆನಪಿರಬಹುದು, ಅದರ ಕಥೆ ಪೈ ಅವರದು. 2016ರಲ್ಲಿ ತೀರಿಕೊಂಡರು. ಈಗ 14416ಕ್ಕೆ ಫೋನು ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸೇವೆ ಅದು.

ಮನೆಯಲ್ಲಿ ಮಾತ್ರ ಬೇರೆ ತೊಡಕು. ಮಗಳಿಗೆ ಆಗ ಒಂಬತ್ತು ವರ್ಷ. ಎರಡು ದಿನ ನನ್ನ ಹಣೆ ಮುಟ್ಟಿ ಮುಟ್ಟಿ ನೋಡಿದಳು. "ಬಿಸಿ ಇಲ್ಲ. ಮತ್ತೆ ಎಂಥ ಹುಷಾರಿಲ್ಲ ನಿಂಗೆ?" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಅಪ್ಪ ಅವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ಪುಟ್ಟಿ, ಕಬ್ಬಿಣ ಕರಗಿಸೋ ಫರ್ನೇಸು ಗೊತ್ತಲ್ಲ? ಅದು ಹಗಲೂ ರಾತ್ರಿ ಉರೀತಾನೇ ಇರತ್ತೆ. ಮನಸ್ಸು ಬಂದಾಗ ಹಚ್ಚೋಕೆ, ಆರ್ಸೋಕೆ ಆಗಲ್ಲ. ಅದರ ಒಳಗಡೆ ಬೆಂಕಿ ತಡ್ಕೊಳ್ಳೋ ಇಟ್ಟಿಗೆ ಕಟ್ಟಿರ್ತಾರೆ. ಕೆಲವು ವರ್ಷ ಉರಿದ್ರೆ ಆ ಇಟ್ಟಿಗೆಗಳೇ ಸವೆದುಹೋಗ್ತವೆ. ಹೊರಗಿಂದ ನೋಡಿದ್ರೆ ಏನೂ ಗೊತ್ತಾಗಲ್ಲ, ಉಕ್ಕಿನ ಚಿಪ್ಪು ಗಟ್ಟಿಯಾಗೇ ಇರತ್ತೆ. ಹಂಗೇ ಬಿಟ್ರೆ ಒಂದಿನ ಚಿಪ್ಪೇ ಕೆಂಪಾಗಿ ತೂತು ಬೀಳತ್ತೆ. ಅದಕ್ಕೇ ನಿಲ್ಲಿಸಿ, ತಣ್ಣಗೆ ಮಾಡಿ, ಹಳೇ ಇಟ್ಟಿಗೆ ತೆಗೆದು ಹೊಸದು ಕಟ್ತಾರೆ. ರಿಲೈನಿಂಗ್ ಅಂತ ಅದಕ್ಕೆ. ತಿಂಗಳುಗಟ್ಟಲೆ ಹಿಡಿಯತ್ತೆ. ಫರ್ನೇಸು ಸೋಮಾರಿ ಅಂತ ಯಾವ ಇಂಜಿನಿಯರೂ ಅನ್ನಲ್ಲ."

"ಅಮ್ಮಂಗೂ ಹಂಗೇನಾ?"

"ಹಂಗೇ."

ಮಾರನೇ ದಿನ ಶಾಲೆಯಲ್ಲಿ, "ನಮ್ಮಮ್ಮ ರಿಲೈನಿಂಗ್‌ಗೆ ಹೋಗಿದ್ದಾರೆ" ಎಂದು ಸಾರಿ ಬಂದಳಂತೆ. ಅವಳ ಟೀಚರ್ ಅದು ಯಾವ ಊರು ಎಂದು ಕೇಳಿದರಂತೆ!

ಮೊದಲ ನಾಲ್ಕು ದಿನ ನಾನು ಮಾಡಿದ್ದು ನಿದ್ದೆ, ಇನ್ನೇನೂ ಇಲ್ಲ. ಹೊರಗೆ ಆಷಾಢದ ಮಳೆ. ಐದನೇ ದಿನ ಯಾರೋ ಕಳಲೆ ತಂದುಕೊಟ್ಟರು. ಅದನ್ನು ಹೆಚ್ಚಿ, ಮೂರು ದಿನ ನೀರು ಬದಲಿಸುತ್ತ ನೆನೆಹಾಕಿ ಪಲ್ಯ ಮಾಡಿದೆ. ಯಾರೂ ಹೇಳದೆ, ಯಾರೂ ಅವಸರ ಮಾಡದೆ ನಾನೇ ಕೈಹಾಕಿದ ಮೊದಲ ಕೆಲಸ ಅದು. ಸಂಜೆ ಮಳೆ ಬಿಟ್ಟರೆ ಅಪ್ಪನ ಜತೆ ಭದ್ರಾ ಸೇತುವೆಯವರೆಗೆ ನಡೆದು ಕೆಂಪು ನೀರು ನೋಡಿ ಬರುತ್ತಿದ್ದೆ.

ಒಂದು ದಿನ ಎದುರು ಮನೆಯ ಆ ಹುಡುಗ ದಾರಿಯಲ್ಲಿ ಸಿಕ್ಕಿ, "ರಜೆಯಂತೆ ಅಕ್ಕ?" ಅಂದ. ಮುಖ ತಗ್ಗಿಸಿ ವಿಷಯ ಹೇಳಿದೆ. ಏನಾದರೂ ಕುಟುಕುತ್ತಾನೆ ಅಂದುಕೊಂಡಿದ್ದೆ. ಅವನು, "ನಂಗೂ ಜನವರಿಯಿಂದ ನಿದ್ದೆ ಇಲ್ಲ ಅಕ್ಕ. ಡಾಕ್ಟ್ರು ಎಲ್ಲಿ ಸಿಗ್ತಾರೆ?" ಎಂದು ಕೇಳಿದ. ಅವನಿಗೆ ಕೆಲಸವಿಲ್ಲದ ಚಿಂತೆ, ನನಗೆ ಕೆಲಸದ ಹೊರೆ, ಇಬ್ಬರಿಗೂ ಮೂರು ಗಂಟೆಗೇ ಎಚ್ಚರ. ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗು ಎಂದು ಹೇಳಿದೆ. ಅಪ್ಪನೇ ಜತೆಗೆ ಹೋಗಿ ಚೀಟಿ ಮಾಡಿಸಿಕೊಟ್ಟು ಬಂದರು.

ಹದಿನಾಲ್ಕು ದಿನಕ್ಕೆ ಇನ್ನೊಂದು ವಾರ ಸೇರಿ ಒಟ್ಟು 21 ದಿನ ಆಯಿತು. ಮೊದಲ ಎರಡು ಕಳೆದು 19 ದಿನಕ್ಕೆ, ದಿನಕ್ಕೆ 420ರಂತೆ 7,980 ರೂಪಾಯಿ ಖಾತೆಗೆ ಬಂತು. ಸಂಬಳದಷ್ಟು ಅಲ್ಲ, ಆ ತಿಂಗಳು ಬಿಗಿಯಾಗಿಯೇ ನಡೆಸಿದೆವು. ಆದರೆ ಗುಣುಗುಣು ಹಿಂದಿನ ಕೋಣೆಯಿಂದ ಮಗ್ಗಿ ಕೇಳಿದರೆ ಎಲ್ಲಿ ತಪ್ಪಿದಳು ಎಂದು ಕೂಗಿ ಹೇಳುವಷ್ಟು ನಾನು ನೆಟ್ಟಗಾಗಿದ್ದೆ.

ವಾಪಸು ಹೋಗುವ ದಿನ ಕಚೇರಿಗೆ ಎರಡನೇ ಅರ್ಜಿ ಬರೆದುಕೊಂಡು ಹೋದೆ. ಕೆಲಸ ಬಿಟ್ಟ ಇಬ್ಬರ ಜಾಗಕ್ಕೆ ಒಬ್ಬರನ್ನಾದರೂ ಕೊಡಬೇಕು, ರಾತ್ರಿ ಏಳರ ಮೇಲೆ ಮೊಬೈಲಿಗೆ ಕೆಲಸ ಕಳಿಸಬಾರದು, ಭಾನುವಾರ ಭಾನುವಾರವಾಗಿಯೇ ಇರಬೇಕು. ಕೇಳಿದ ಮೂರರಲ್ಲಿ ಒಂದೂವರೆ ಸಿಕ್ಕಿತು. ಗಣೇಶನ ಹಬ್ಬ ಕಳೆದಮೇಲೆ ಹೊಸ ಹುಡುಗನೊಬ್ಬ ಬಂದ, ಚುರುಕಾಗಿದ್ದಾನೆ. ಭಾನುವಾರ ತಿಂಗಳಿಗೆ ಮೂರು ಉಳಿದವು. ರಾತ್ರಿಯ ಸಂದೇಶಗಳು ಇನ್ನೂ ಬರುತ್ತವೆ. ಅವಕ್ಕೆ ನಾನು ಮಾರನೇ ದಿನ ಬೆಳಿಗ್ಗೆ, ಬಸ್ಸು ಮಾಚೇನಹಳ್ಳಿ ದಾಟಿದ ಮೇಲೆ ಉತ್ತರ ಕೊಡುತ್ತೇನೆ.