ಇಪ್ಪತ್ತು ಎಕರೆ ನೀರು

ಕೆನೊ ಮತ್ತು ಕಯಾಕ್ ಸ್ಪ್ರಿಂಟ್‌ನ ವಿಶ್ವ ಚಾಂಪಿಯನ್‌ಷಿಪ್ ಮೊದಲು ನಡೆದದ್ದು 1938ರಲ್ಲಿ, ಸ್ವೀಡನ್ನಿನ ವಾಕ್ಸ್‌ಹೋಮ್‌ನಲ್ಲಿ. ಆಮೇಲೆ ಅದು ನಡೆದ ಊರುಗಳ ಪಟ್ಟಿ ನೋಡುತ್ತ ಹೋದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಅಲ್ಲಿನ ಎಷ್ಟೋ ಸರೋವರಗಳು ಮನುಷ್ಯರೇ ಮಾಡಿಕೊಂಡವು. ಪೋಲೆಂಡಿನ ಪೊಜ್ನಾನ್‌ನ ಮಾಲ್ಟಾ ಸರೋವರ, ಸಣ್ಣ ನದಿಯೊಂದಕ್ಕೆ ಅಡ್ಡ ಕಟ್ಟಿ 1952ರಲ್ಲಿ ನಿಲ್ಲಿಸಿದ ನೀರು. ಜರ್ಮನಿಯ ಡ್ಯೂಸ್‌ಬರ್ಗ್‌ನದು ಜಲ್ಲಿ ತೆಗೆದ ಗುಂಡಿಗಳಲ್ಲಿ ನಿಂತದ್ದು. ಜೆಕ್ ದೇಶದ ರಾಚಿತ್ಸೆಯದು ಮರಳಿನ ಹೊಂಡ. 2015 ಮತ್ತು 2025ರಲ್ಲಿ ಚಾಂಪಿಯನ್‌ಷಿಪ್ ನಡೆದ ಮಿಲಾನ್‌ನ ಇದ್ರೊಸ್ಕಾಲೊವನ್ನು ತೋಡಿದ್ದು ನೀರಿನ ಮೇಲೆ ಇಳಿಯುವ ವಿಮಾನಗಳಿಗಾಗಿ.

ಕಾರಣ ಸರಳ. ಈ ಆಟಕ್ಕೆ ಸುಮ್ಮನೆ ಮಲಗಿದ ನೀರು ಬೇಕು. ಒಂಬತ್ತು ದೋಣಿಗಳು ಒಂದೇ ಗೆರೆಯಿಂದ ಹೊರಡುತ್ತವೆ. ಒಂದು ಲೇನಿನಲ್ಲಿ ಸೆಳೆತ ಹೆಚ್ಚಾಗಿ ಇನ್ನೊಂದರಲ್ಲಿ ಕಡಿಮೆಯಾದರೆ ಪಂದ್ಯಕ್ಕೆ ಅರ್ಥವೇ ಉಳಿಯುವುದಿಲ್ಲ. ಹಾಗಾಗಿ ನದಿಯನ್ನು ಬಿಟ್ಟು, ನದಿಯ ಸ್ವಭಾವ ಕಳೆದುಕೊಂಡ ನೀರನ್ನು ಹುಡುಕುತ್ತಾರೆ.

ಅಂಥ ನೀರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿದೆ. ನಾನು ಗುಡೂರಿನವಳು, ಮಗ್ಗದ ಸದ್ದು ಕೇಳುತ್ತ ಬೆಳೆದವಳು. ಆದರೆ ಅವ್ವನ ತವರುಮನೆ ಕೃಷ್ಣೆಯ ದಂಡೆಯಲ್ಲಿತ್ತು. ‘ಇತ್ತು’ ಅಂದೆ, ಯಾಕೆಂದರೆ ಆ ಊರು ಈಗ ಹಿನ್ನೀರಿನ ಕೆಳಗಿದೆ. ಬಾಗಲಕೋಟೆ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಲಮಟ್ಟಿಯ ಪೂರ್ಣ ಮಟ್ಟ 519.60 ಮೀಟರ್ ಎಂಬುದು ಇಲ್ಲಿ ಎಷ್ಟೋ ಮನೆಗಳಲ್ಲಿ ಫೋನ್ ನಂಬರಿನಂತೆ ಬಾಯಿಗೆ ಬರುತ್ತದೆ. ಹಳೆ ಬಾಗಲಕೋಟೆಯ ಎಷ್ಟೋ ಓಣಿಗಳು ನೀರಿಗೆ ಹೋಗಿ ನವನಗರ ಎದ್ದಿತು. ಅತ್ತ ನಾರಾಯಣಪುರದ ಹಿನ್ನೀರು ಕೂಡಲಸಂಗಮವನ್ನು ಸುತ್ತುವರಿದಿದೆ. ಬಸವಣ್ಣನವರ ಐಕ್ಯಸ್ಥಳ ನೋಡಬೇಕಾದರೆ ಈಗ ನೀರಿನ ನಡುವೆ ಕಟ್ಟಿದ ಬಾವಿಯಂಥ ಗೋಡೆಯೊಳಗೆ ಮೆಟ್ಟಿಲಿಳಿದು ಹೋಗಬೇಕು.

ನನ್ನ ಪಿಎಚ್.ಡಿ. ವಿಷಯ ಮುಳುಗಡೆಯಾದ ಊರುಗಳ ಹೊಲದ ಹೆಸರುಗಳು. ಹುಣಸಿಮರದ ಹೊಲ, ಗೋರಿ ಹೊಲ, ಕರ್ಲ ಹೊಲ, ಸೂಲಗಿತ್ತಿ ಪಟ್ಟಿ. ಸರ್ವೆ ನಂಬರು ಕಾಗದದಲ್ಲಿ ಉಳಿದಿದೆ, ಹೆಸರು ಮುದುಕರ ಬಾಯಲ್ಲಿ ಮಾತ್ರ. ಈ ಕೆಲಸಕ್ಕೆ ನಾನು ಹೆಚ್ಚು ಸಲ ಹೋಗುವುದು ಸೋದರಮಾವನ ಹತ್ತಿರ, ಪುನರ್ವಸತಿ ಕೇಂದ್ರಕ್ಕೆ. ಅವನ ಎಂಟು ಎಕರೆ ನೀರಿನಡಿ ಹೋಗಿದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಅವನು ದಂಡೆಗೆ ಹೋಗಿ ನಿಲ್ಲುತ್ತಾನೆ, ಹೊಲದ ಬದು ಎಲ್ಲಿತ್ತು ಎಂದು ಬೆರಳಿನಲ್ಲಿ ತೋರಿಸುತ್ತಾನೆ.

2023ರ ಅಕ್ಟೋಬರ್ 3ರಂದು ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅರ್ಜುನ್ ಸಿಂಗ್ ಮತ್ತು ಸುನಿಲ್ ಸಿಂಗ್ ಸಲಾಂ ಇಬ್ಬರೂ ಸೇರಿ 1000 ಮೀಟರ್ ಕೆನೊ ಡಬಲ್ಸ್‌ನಲ್ಲಿ ಕಂಚು ಗೆದ್ದರು. 3 ನಿಮಿಷ 53.329 ಸೆಕೆಂಡ್. 1994ರ ಹಿರೋಶಿಮಾದ ನಂತರ ಈ ಆಟದಲ್ಲಿ ಭಾರತಕ್ಕೆ ಬಂದ ಮೊದಲ ಪದಕ ಅದು. ಆ ಪಂದ್ಯದ ವಿಡಿಯೊವನ್ನು ನಾನು ಮಾವನಿಗೆ ತೋರಿಸಿದೆ. ಅವನ ಹನ್ನೆರಡು ವರ್ಷದ ಮೊಮ್ಮಗಳೂ ಪಕ್ಕದಲ್ಲಿ ಬಂದು ಕೂತಳು.

ಮಾವನಿಗೆ ದೋಣಿ ಎಂದರೆ ಹರಿಗೋಲು. ಬಿದಿರು ಹೆಣೆದು, ಹೊರಗೆ ಡಾಂಬರು ಬಳಿದ, ಬುಟ್ಟಿಯಂಥ ದುಂಡನೆಯ ದೋಣಿ. ಹೊಳೆ ದಾಟಲು, ಸಂತೆಗೆ ಹೋಗಲು, ಆಚೆ ದಂಡೆಯ ಹೊಲಕ್ಕೆ ಬುತ್ತಿ ಒಯ್ಯಲು ಅದೇ. ಪರದೆಯ ಮೇಲಿನ ದೋಣಿ ಸೂಜಿಯಂತಿತ್ತು. ಆಳು ಒಂದು ಮೊಣಕಾಲೂರಿ, ಇನ್ನೊಂದು ಪಾದ ಮುಂದಿಟ್ಟು ಕೂರುತ್ತಾನೆ. ಹುಟ್ಟು ಹಾಕುವುದು ಒಂದೇ ಮಗ್ಗುಲಿಗೆ. ಕಯಾಕ್‌ನಲ್ಲಾದರೆ ಕಾಲು ಚಾಚಿ ಕೂತು ಎರಡೂ ತುದಿಗೆ ಅಲಗಿರುವ ಹುಟ್ಟು ಬೀಸಬಹುದು, ಕಾಲಿನಿಂದ ಚುಕ್ಕಾಣಿ ತಿರುಗಿಸಬಹುದು. ಕೆನೊಗೆ ಚುಕ್ಕಾಣಿಯೇ ಇಲ್ಲ. ಪ್ರತಿ ಸೆಳೆತದ ಕೊನೆಗೆ ಹುಟ್ಟನ್ನು ಸ್ವಲ್ಪ ಹೊರಳಿಸಿ ದೋಣಿಯನ್ನು ನೇರ ಮಾಡಿಕೊಳ್ಳಬೇಕು. ಒಬ್ಬರೇ ಓಡಿಸುವ ಕೆನೊ 5.2 ಮೀಟರ್ ಉದ್ದ, ಕನಿಷ್ಠ ತೂಕ 14 ಕೆಜಿ. ಹೊಸದಾಗಿ ಕಲಿಯುವವರು ಅದರಿಂದ ನೀರಿಗೆ ಬೀಳುವುದೇ ಮೊದಲ ಪಾಠ.

ಮಾವ ಪೂರ್ತಿ ನೋಡಿ ಕೇಳಿದ: “ಮೀನ ಹಿಡಿಯಾಕಲ್ಲ, ಆಚಿ ದಂಡಿಗಿ ಹೋಗಾಕಲ್ಲ. ಮತ್ಯಾಕವ್ವಾ ಇಷ್ಟ ಜೋರ ಹುಟ್ಟ ಹಾಕತಾರ?”

ನಾನು ಉತ್ತರ ಕೊಡುವ ಬದಲು ಲೆಕ್ಕ ಹೇಳಿದೆ. ಒಂದು ಲೇನು ಒಂಬತ್ತು ಮೀಟರ್ ಅಗಲ. ಒಂಬತ್ತು ಲೇನು. ಉದ್ದ ಸಾವಿರ ಮೀಟರ್. ಒಟ್ಟು 81,000 ಚದರ ಮೀಟರ್, ಅಂದರೆ ಹೆಚ್ಚುಕಮ್ಮಿ ಸರಿಯಾಗಿ ಇಪ್ಪತ್ತು ಎಕರೆ. ಮಾವ ಆಗ ಮೊದಲ ಸಲ ಫೋನನ್ನು ಕೈಗೆ ತೆಗೆದುಕೊಂಡು ನೋಡಿದ. “ನೀರನ್ನೂ ಅಳೀತಾರ?” ಎಂದ. ನಮ್ಮವರ ಹೊಲವನ್ನು ಎಕರೆ, ಗುಂಟೆ, ಆಣೆಯವರೆಗೆ ಅಳೆದಿದ್ದರು. ಅದರ ಮೇಲೆ ಬಂದು ನಿಂತ ನೀರನ್ನು ಮಾತ್ರ ಯಾರೂ ನಮಗಾಗಿ ಅಳೆದಿಲ್ಲ. ಟಿಎಂಸಿ ಎಂಬ ಅಳತೆ ಇದೆ, ನಿಜ, ಆದರೆ ಅದು ಕಾಲುವೆಯ ಕೆಳಗಿನವರ ಅಳತೆ. ದಂಡೆಯಲ್ಲಿರುವವರಿಗೆ ಆ ನೀರು ಇನ್ನೂ ಬರೀ ‘ಮುಳುಗಡೆ’.

ಸುನಿಲ್ ಸಿಂಗ್ ಬಗ್ಗೆಯೂ ಹೇಳಿದೆ. ಅವರು ಮಣಿಪುರದ ಲೋಕ್ತಾಕ್ ಸರೋವರದ ದಂಡೆಯ ಮೀನುಗಾರರ ಮಗ. 1983ರಲ್ಲಿ ಇಥಾಯ್ ಬ್ಯಾರೇಜು ಬಂದ ಮೇಲೆ ಲೋಕ್ತಾಕಿನ ನೀರು ವರ್ಷವಿಡೀ ಎತ್ತರದಲ್ಲೇ ನಿಂತು, ಸುತ್ತಲಿನ ಗದ್ದೆಗಳು ಮುಳುಗಿದವು. ಮಧ್ಯಪ್ರದೇಶದ ಕಾವೇರಿ ಢೀಮರ್ ಕೂಡ ಮೀನುಗಾರರ ಮನೆಯವರೇ. ನರ್ಮದೆಯ ಇಂದಿರಾ ಸಾಗರದ ಹಿನ್ನೀರಿನಲ್ಲಿ ಮನೆಯವರ ಜೊತೆ ದೋಣಿ ನಡೆಸಿ ಬೆಳೆದವರು, ಭೋಪಾಲದ ಜಲಕ್ರೀಡಾ ಅಕಾಡೆಮಿ ಸೇರಿ ಭಾರತಕ್ಕಾಗಿ ಕೆನೊ ಓಡಿಸಿದವರು. ಅದೇ ಜಲಾಶಯಕ್ಕಾಗಿ 2004ರಲ್ಲಿ ಹರ್ಸೂದ್ ಎಂಬ ಹಳೆಯ ಪಟ್ಟಣವನ್ನು ಅಲ್ಲಿನ ಜನರ ಕೈಯಿಂದಲೇ ಕೆಡವಿಸಿ ಖಾಲಿ ಮಾಡಿಸಲಾಯಿತು. ಹಳೆ ಬಾಗಲಕೋಟೆ ನೋಡಿದವರಿಗೆ ಹರ್ಸೂದ್ ಅಪರಿಚಿತ ಊರಲ್ಲ.

ಈ ಕತೆಗಳಿಂದ ‘ಮುಳುಗಿದ್ದಕ್ಕೆ ಪದಕ ಬಂತು’ ಎಂಬ ತೀರ್ಮಾನ ಯಾರಾದರೂ ತೆಗೆದರೆ ನಾನು ಒಪ್ಪುವುದಿಲ್ಲ. ಕಂಚು ಯಾವ ಗದ್ದೆಗೂ ಬೆಲೆಯಲ್ಲ. ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲಿ ಆಲಮಟ್ಟಿಯನ್ನು 524.256 ಮೀಟರ್‌ವರೆಗೆ ಏರಿಸಲು ಒಪ್ಪಿದೆ. ಆ ಮಟ್ಟಕ್ಕೆ ನೀರು ಬಂದ ದಿನ ಮತ್ತಷ್ಟು ಹೊಲದ ಹೆಸರುಗಳು ನನ್ನ ಪ್ರಬಂಧದಂಥ ಕಡೆಗೆ ಸರಿಯುತ್ತವೆ. ಆದರೂ ಸುನಿಲ್, ಕಾವೇರಿ ಇಬ್ಬರಿಗೂ ನೀರಿನ ಭಯವಿರಲಿಲ್ಲ ಎಂಬುದು ನನ್ನನ್ನು ಬಿಡದೆ ಕಾಡುತ್ತದೆ. ಯಾಕೆಂದರೆ ನಮ್ಮ ಪುನರ್ವಸತಿ ಕೇಂದ್ರಗಳಲ್ಲಿ ಆ ಭಯ ಬೆಳೆದಿದೆ. ಮಾವನ ತಲೆಮಾರು ತುಂಬಿದ ಹೊಳೆ ಈಜಿದ್ದು. ಈಗಿನ ಮಕ್ಕಳಿಗೆ ಮನೆಯಿಂದ ಕಾಣುವಷ್ಟು ಹತ್ತಿರ ನೀರಿದೆ, ಈಜು ಬರುವುದಿಲ್ಲ. ಹಿನ್ನೀರಿನ ಕಡೆ ಹೋದೀರಿ ಜ್ವಾಕಿ ಎಂಬುದೊಂದೇ ಅವರಿಗೆ ಸಿಕ್ಕ ಪಾಠ. ಮಳೆಗಾಲದಲ್ಲಿ ಪೇಪರಿನ ಒಳಪುಟಗಳಲ್ಲಿ ಬರುವ ಸಣ್ಣ ಸುದ್ದಿಗಳನ್ನು ಓದಿದವರು ಆ ಎಚ್ಚರಿಕೆಯನ್ನು ತಪ್ಪೆನ್ನಲಾರರು. ಆದರೆ ಎಚ್ಚರಿಕೆ ಈಜು ಕಲಿಸುವುದಿಲ್ಲ.

ಹೊಳೆಯ ಜೊತೆ ಬಾಳಿದ ನಾಡಿಗೆ ಇದು ವಿಚಿತ್ರ ಸ್ಥಿತಿ. ವಚನಕಾರರ ಸಾಲಿನಲ್ಲಿ ಅಂಬಿಗರ ಚೌಡಯ್ಯನಂಥ ದೋಣಿಕಾರನನ್ನು ಕಂಡ ನಾಡು ಇದು.

ವಿಡಿಯೊ ಮುಗಿದ ಮೇಲೆ ಮೊಮ್ಮಗಳು ಕೇಳಿದ್ದು ಒಂದೇ ಪ್ರಶ್ನೆ: “ಅತ್ತಿ, ಹುಡಿಗ್ಯಾರಿಗೂ ಐತೇನು?” ಇದೆ ಎಂದೆ. ಒಲಿಂಪಿಕ್ಸ್‌ನಲ್ಲಿ ಗಂಡಸರು 1936ರಿಂದ ಕೆನೊ ಓಡಿಸುತ್ತಿದ್ದರು, ಹೆಂಗಸರಿಗೆ ಕಯಾಕ್ ಮಾತ್ರ ಇತ್ತು. ಮೊಣಕಾಲೂರುವ ಕೆನೊ ಅವರಿಗೆ ಸಿಕ್ಕಿದ್ದು 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ. ಅಲ್ಲಿ 200 ಮೀಟರ್ ಗೆದ್ದ ಅಮೆರಿಕದ ನೆವಿನ್ ಹ್ಯಾರಿಸನ್‌ಗೆ ಆಗ ಹತ್ತೊಂಬತ್ತು ವರ್ಷ.

ಮಾವ ಎದ್ದು ಹೊರಗೆ ಹೋದ. ಹೋಗುವಾಗ, “ಇಪ್ಪತ್ತ ಎಕರೆ ಅಂದ್ರ ನಮ್ಮ ಹೊಲಾ, ಹುಣಸಿಮರದ ಹೊಲಾ, ಗೋರಿ ಹೊಲಾ ಮೂರೂ ಕೂಡಿದಷ್ಟು” ಎಂದ. ಆ ಮೂರನ್ನೂ ನನ್ನ ನಕ್ಷೆಯಲ್ಲಿ ಅಕ್ಕಪಕ್ಕ ಗುರುತು ಮಾಡಿಕೊಂಡೆ.

ಕೆನೊ ಇರಲಿ, ನಮಗಿನ್ನೂ ಈಜು ಕಲಿಸುವವರೇ ಸಿಕ್ಕಿಲ್ಲ. ಬರುವ ಬೇಸಿಗೆ ರಜೆಯಲ್ಲಿ ಹುಡುಗಿಯನ್ನು ನನ್ನ ಜೊತೆ ಕರೆದುಕೊಂಡು ಹೋಗಿ ಈಜು ಕಲಿಸಲು ವೈನಿ ಒಪ್ಪಿದ್ದಾಳೆ. ಮಾವ ಇನ್ನೂ ಒಪ್ಪಿಲ್ಲ.