ಮಾತೃಭಾಷೆ: ಕನ್ನಡ

ಇಂಗ್ಲಿಷ್ ಕಲಿಸಲು ದಕ್ಷಿಣ ಕೊರಿಯಾಕ್ಕೆ ಹೋಗಬೇಕೇ, ಬೇಡವೇ? ಈ ಬೇಸಿಗೆಯೆಲ್ಲ ಇದೇ ಯೋಚನೆ. ಪಿಎಚ್.ಡಿ. ಪ್ರಬಂಧದ ಒಂದು ಅಧ್ಯಾಯ ಬಾಕಿಯಿದೆ. ರಾಣೇಬೆನ್ನೂರಿನ ಪದವಿ ಕಾಲೇಜೊಂದರಲ್ಲಿ ನಾನು ಅತಿಥಿ ಉಪನ್ಯಾಸಕಿ. ಪಾಠ ಮುಗಿದರೆ ಸಂಬಳವೂ ಮುಗಿಯುತ್ತದೆ, ಮುಂದಿನ ವರ್ಷಕ್ಕೆ ಮತ್ತೆ ಅರ್ಜಿ. ಬ್ಯಾಡಗಿ ಹತ್ತಿರ ಅಪ್ಪನದು ಮೂರೆಕರೆ ಹೊಲ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿತು, ಅದರಿಂದ ತೆಗೆದ ಬಣ್ಣ ಹೊರದೇಶಗಳಿಗೂ ಹೋಗುತ್ತದೆ. ಆದರೆ 2024ರ ಮಾರ್ಚ್‌ನಲ್ಲಿ ದರ ಬಿದ್ದಾಗ ರೈತರ ಸಿಟ್ಟಿಗೆ ಎಪಿಎಂಸಿಯಲ್ಲಿ ವಾಹನಗಳು ಸುಟ್ಟವು. ಆ ವರ್ಷದ ಬೋರ್‌ವೆಲ್ ಸಾಲ ನಮ್ಮ ಮನೆಯಲ್ಲಿ ಇನ್ನೂ ತೀರಿಲ್ಲ.

ಕೊರಿಯಾದಲ್ಲಿ ಇಂಗ್ಲಿಷ್ ಕಲಿಸುವ ವೀಸಾ ಮುಖ್ಯವಾಗಿ ಏಳು ದೇಶದವರಿಗೆ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಅಲ್ಲಿ ಹುಟ್ಟಿ ಬೆಳೆದವರಿಗೆ ಪದವಿ ಇದ್ದರೆ ಬಹುಮಟ್ಟಿಗೆ ಸಾಕು. ಭಾರತ ಮತ್ತು ಕೊರಿಯಾ ನಡುವೆ 2010ರಲ್ಲಿ ಜಾರಿಗೆ ಬಂದ ಒಪ್ಪಂದದಿಂದ ನಮಗೂ ಸಣ್ಣ ಬಾಗಿಲೊಂದು ತೆರೆದಿದೆ, ಆದರೆ ಬೋಧನಾ ಅರ್ಹತೆಯ ಪತ್ರ ತೋರಿಸಬೇಕು. ನನ್ನ ಬಳಿ ಬಿ.ಎಡ್. ಇದೆ.

ಫೋನಿನಲ್ಲಿ ಮಾತಾಡಿದ ಏಜೆಂಟರೊಬ್ಬರು ಸಲಹೆ ಕೊಟ್ಟರು: 'ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ ಅಂತ ಇದೆಯಲ್ಲ, ಆ ಸಾಲು ತೆಗೆದುಬಿಡಿ ಮೇಡಂ. ಉಚ್ಚಾರಣೆಗೂ ಒಂದು ಕೋರ್ಸ್ ಮಾಡಿ.'

ಆ ಸಾಲಿನ ಬಗ್ಗೆಯೇ ನಾನು ಬಹಳ ಯೋಚಿಸಿದ್ದು. ಕೊರಿಯನ್ ಭಾಷೆಯಲ್ಲೂ ಕನ್ನಡದ ಹಾಗೆ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. 'ಹಾವೇರಿಗೆ' ಎಂಬಲ್ಲಿನ 'ಗೆ'ಯಂಥ ಪ್ರತ್ಯಯ ಅಲ್ಲೂ ನಾಮಪದದ ಹಿಂದೆ ಅಂಟುತ್ತದೆ. 'ಎ', 'ದಿ' ಅಲ್ಲೂ ಇಲ್ಲ. ಅಂದರೆ ರಾಣೇಬೆನ್ನೂರಿನ ಹುಡುಗಿ 'ದಿ' ಎಲ್ಲಿ ಹಾಕಬೇಕೆಂದು ತಡಕಾಡುವ ಜಾಗದಲ್ಲೇ ಸೋಲ್‌ನ ಹುಡುಗಿಯೂ ತಡಕಾಡುತ್ತಾಳೆ. ಅಲ್ಲಿ ನಾನೂ ತಡಕಾಡಿದ್ದೇನೆ. ದಾರಿ ಕಂಡುಕೊಂಡದ್ದು ಹೇಗೆಂದು ನೆನಪಿದೆ. ಇಂಗ್ಲಿಷನ್ನು ತೊಟ್ಟಿಲಲ್ಲೇ ಕಲಿತವರಿಗೆ ಆ ನೆನಪು ಇರುವುದಿಲ್ಲ. ನನ್ನ ನಿಜವಾದ ಅರ್ಹತೆ ಏಜೆಂಟರು ಅಳಿಸಲು ಹೇಳಿದ ಸಾಲಿನಲ್ಲೇ ಇದೆ.

ಇದೇ ಜಿಲ್ಲೆಯ ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಆಕ್ಸ್‌ಫರ್ಡ್‌ನಲ್ಲಿ ಓದಿ ಬಂದ ಇಂಗ್ಲಿಷ್ ಪ್ರಾಧ್ಯಾಪಕರು. ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರೂ ಆಗಿದ್ದರು. ಪ್ರೌಢಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕೆಂದು 1981ರಲ್ಲಿ ವರದಿ ಕೊಟ್ಟ ಸಮಿತಿಗೆ ಅಧ್ಯಕ್ಷರೂ ಅವರೇ. ಒಂದನ್ನು ಕಲಿಸಲು ಇನ್ನೊಂದನ್ನು ಮುಚ್ಚಿಡಬೇಕಿಲ್ಲ ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಡ.

ಅವ್ವನಿಗೆ ಸಾಲದ ಚಿಂತೆ, 'ಹೋಗಿ ಬಾ' ಅಂದಳು. ಅಪ್ಪ ಮಾತ್ರ ಕೇಳಿದರು: 'ಅಲ್ಲಿ ಮಂದಿಗೆ ಕಲ್ಸಾಕ ಹೊಂಟಿ, ಇಲ್ಲಿ ಹುಡುಗ್ರಿಗೆ ಎಲ್ಲಾ ಬಂದುಬಿಟ್ಟತೇನವಾ?' ಬಂದಿಲ್ಲ. ನನ್ನ ಬಿ.ಎ. ಎರಡನೇ ವರ್ಷದ ತರಗತಿಯಲ್ಲಿ ಮುಕ್ಕಾಲು ಮಂದಿ ಕನ್ನಡ ಮಾಧ್ಯಮದವರೇ. ನಾನು ಹೋದರೆ ಇನ್ನೊಬ್ಬ ಅತಿಥಿ ಬರುತ್ತಾರೆ, ವರ್ಷದ ಕೊನೆಗೆ ಅವರೂ ಹೋಗುತ್ತಾರೆ. ಅಪ್ಪನ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಇದ್ದೂರಲ್ಲೇ ಇದ್ದರೂ ನನ್ನೊಬ್ಬಳಿಂದ ಅದಕ್ಕೆ ಉತ್ತರ ಸಿಗುವಂತಿಲ್ಲ.

ಕೊನೆಗೆ ಹೀಗೆ ನಿರ್ಧರಿಸಿದ್ದೇನೆ. ಮೊದಲು ಪ್ರಬಂಧ ಸಲ್ಲಿಸುವುದು. ಆಮೇಲೆ ಏಜೆಂಟರಿಲ್ಲದೆ ನೇರವಾಗಿ ಅರ್ಜಿ ಹಾಕುವುದು. ಮಾತೃಭಾಷೆ ಕನ್ನಡ, ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ ಎಂದು ಬರೆದೇ. ಅದನ್ನು ಓದಿಯೂ ಕರೆದರೆ, ಸಾಲ ತೀರುವಷ್ಟು ಕಾಲ ಹೋಗಿ ಬರುತ್ತೇನೆ. ಕರೆಯದಿದ್ದರೆ ಜೂನ್‌ನಲ್ಲಿ ಮತ್ತೆ ಅತಿಥಿ ಉಪನ್ಯಾಸಕಿಯ ಅರ್ಜಿ ಇದ್ದೇ ಇದೆ.