‘ಆಕಾಶದಲ್ಲಿ ರೈಲು’ ಮತ್ತು ನಮ್ಮ ಹೆಡ್‌ಲೈನ್

ಅರಸೀಕೆರೆ ಕಡೆಯ ಹಳ್ಳಿಯಿಂದ ಒಂದು ಸಂಜೆ ಫೋನ್ ಬಂತು. ‘ಸಾರ್, ಆಕಾಶದಲ್ಲಿ ರೈಲು ಹೋಗ್ತಿದೆ!’ ಹಿಂದೆಯೇ ವಿಡಿಯೊ. ಮಣಿ ಪೋಣಿಸಿದಂತೆ ಬೆಳಕಿನ ಚುಕ್ಕೆಗಳ ಸಾಲು. ಪೇಜ್ ಮುಗಿಯಲು ಅರ್ಧ ಗಂಟೆಯಿತ್ತು. ‘ಆಗಸದಲ್ಲಿ ನಿಗೂಢ ಬೆಳಕು: ಗ್ರಾಮಸ್ಥರಲ್ಲಿ ಆತಂಕ’ ಎಂದು ಬರೆದು ಕಳಿಸಿದೆವು.

ನಿಜ ಹೇಳಬೇಕೆಂದರೆ ಊರಿನಲ್ಲಿ ಆತಂಕವಿರಲಿಲ್ಲ, ಖುಷಿಯಿತ್ತು. ಆತಂಕ ಶುರುವಾದದ್ದು ಮರುದಿನ, ಪೇಪರ್ ಬಂದ ಮೇಲೆ. ವಾರ ಕಳೆದು ಬೇರೆ ಸುದ್ದಿಗೆ ಹೋದಾಗ ಅಜ್ಜಿಯೊಬ್ಬರು ಕತ್ತಲಾದ ಮೇಲೆ ಮೊಮ್ಮಕ್ಕಳನ್ನು ಅಂಗಳಕ್ಕೇ ಬಿಡುತ್ತಿರಲಿಲ್ಲ. ‘ಪೇಪರ್‌ನಲ್ಲೇ ಬಂದೈತಲ್ಲಪ್ಪ’ ಎಂದರು. ಬರೆದವರು ನಾವೇ ಎನ್ನಲು ಬಾಯಿ ಬರಲಿಲ್ಲ.

ಆಮೇಲೆ ಹುಡುಕಿ ಓದಿದೆವು. ಅದು ಆಗಷ್ಟೇ ಹಾರಿಬಿಟ್ಟ ಸ್ಟಾರ್‌ಲಿಂಕ್ ಉಪಗ್ರಹಗಳ ಸಾಲು. ಕೆಲವು ದಿನ ಒಟ್ಟಿಗೆ ಸಾಗಿ, ಮೇಲೇರುತ್ತಾ ಚದುರುತ್ತವೆ. ಅವಕ್ಕೆ ಸ್ವಂತ ಬೆಳಕಿಲ್ಲ. ನಮಗೆ ಸೂರ್ಯ ಮುಳುಗಿದರೂ ಅಷ್ಟು ಎತ್ತರದಲ್ಲಿ ಇನ್ನೂ ಬಿಸಿಲು. ಅದಕ್ಕೇ ಕಾಣುವುದು ಮುಸ್ಸಂಜೆ ಅಥವಾ ನಸುಕಿನಲ್ಲಿ. ಹಾಸನದಲ್ಲೇ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರವಿದೆ. ಅಲ್ಲಿಂದ ನೋಡಿಕೊಳ್ಳುವ ಉಪಗ್ರಹಗಳು ಸುಮಾರು 36,000 ಕಿ.ಮೀ. ಎತ್ತರದಲ್ಲಿದ್ದು ಬರಿಗಣ್ಣಿಗೆ ಕಾಣವು. ಆದರೆ ಕಂಡದ್ದೇನೆಂದು ಕೇಳಿ ತಿಳಿಯಲು ಜಿಲ್ಲೆಯಲ್ಲಿ ಜನರಿರಲಿಲ್ಲ ಎಂದು ನಾವು ಹೇಳುವಂತಿಲ್ಲ.

ಚಟ ಹತ್ತಿದ್ದು ಹೀಗೆ. ಖರ್ಚೇನಿಲ್ಲ, ಮೊಬೈಲ್‌ನಲ್ಲಿ ಒಂದು ಆ್ಯಪ್, ಮಲಗಲು ತಾರಸಿ. ದೀಪ ಮಿನುಗಿಸುತ್ತಾ ಹೋದರೆ ವಿಮಾನ. ಮಿನುಗದೆ ಒಂದೇ ಸಮನೆ ಸಾಗಿದರೆ ಉಪಗ್ರಹ. ಎಲ್ಲಕ್ಕಿಂತ ಪ್ರಕಾಶಮಾನ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ. ಸುಮಾರು 400 ಕಿ.ಮೀ. ಮೇಲೆ, ಒಂದೂವರೆ ಗಂಟೆಗೊಮ್ಮೆ ಭೂಮಿ ಸುತ್ತುತ್ತದೆ. ಕೆಲವೊಮ್ಮೆ ನಡು ಆಕಾಶದಲ್ಲೇ ಆರಿಹೋಗುತ್ತದೆ. ಭೂಮಿಯ ನೆರಳು ಹೊಕ್ಕಿತೆಂದು ಅರ್ಥ.

ಒಂದು ಸಂಜೆ ಸಮಯ ನೋಡಿಕೊಂಡು ಅದೇ ಅಜ್ಜಿಯ ಅಂಗಳಕ್ಕೆ ಹೋದೆವು. ಹೇಳಿದ ನಿಮಿಷಕ್ಕೆ ಹೇಳಿದ ದಿಕ್ಕಿನಿಂದ ಬೆಳಕು ಬಂತು. ಮಕ್ಕಳು ಕೂಗಿದರು.

‘ಅದ್ರೊಳಗೆ ಜನ ಅವ್ರಾ? ಊಟಕ್ಕೇನ್ ಮಾಡ್ತಾರೆ?’ ಅಜ್ಜಿ ಕೇಳಿದರು.

ಆಗ ಒಪ್ಪಿಕೊಂಡೆವು, ಆ ಸುದ್ದಿ ಬರೆದವರು ನಾವೇ ಎಂದು. ಅಜ್ಜಿ ಬೈಯಲಿಲ್ಲ. ‘ಹಂಗಾದ್ರೆ ಇದನ್ನೂ ಬರಿ’ ಎಂದರು.

ಬರೆದೆವು. ಡೆಸ್ಕ್‌ನಿಂದ ‘ಜಾಗವಿಲ್ಲ’ ಎಂಬ ಉತ್ತರ ಬಂತು. ನಿಗೂಢ ಬೆಳಕಿಗೆ ಮೂರು ಕಾಲಂ ಸಿಕ್ಕಿತ್ತು. ಅದಕ್ಕೇ ಇಲ್ಲಿ ಬರೆದಿದ್ದೇವೆ. ನಿಮ್ಮೂರಿನಿಂದಲೂ ಇಂಥ ವಿಡಿಯೊ ಬಂದರೆ ಮೊದಲು ಸಮಯ, ದಿಕ್ಕು ಕೇಳಿ. ಹೆಡ್‌ಲೈನ್ ಆಮೇಲೆ.